ಬಲೂನಿನಿಂದ ಪೀಣ್ಯದ ಶೆಡ್‌ವರೆಗೆ

ಪೀಣ್ಯ ಎಂದೊಡನೆ ನೆನಪಾಗುವುದು ಲೇತ್ ಯಂತ್ರಗಳ ಸದ್ದು, ಸಾಲುಗಟ್ಟಿ ನಿಂತ ಲಾರಿಗಳು. ಆದರೆ ಬಾಹ್ಯಾಕಾಶದಿಂದ ತನ್ನ ನೆಲವನ್ನು ತಾನೇ ನೋಡಿಕೊಳ್ಳುವ ವಿದ್ಯೆಯನ್ನು ಭಾರತ ಕಲಿತದ್ದು ಇಲ್ಲಿನ ಶೆಡ್‌ಗಳಲ್ಲಿ ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಮೇಲಿನಿಂದ ನೆಲವನ್ನು ನೋಡುವ ಆಸೆ ಹಳೆಯದು. 1858ರಲ್ಲಿ ಫ್ರಾನ್ಸಿನ ನಾದಾರ್ ಎಂಬ ಛಾಯಾಗ್ರಾಹಕ ಪ್ಯಾರಿಸ್ ಬಳಿ ಬಲೂನಿನಲ್ಲಿ ಏರಿ ಹಳ್ಳಿಯೊಂದರ ಚಿತ್ರ ತೆಗೆದ. ಆಗಿನ ಗಾಜಿನ ಫಲಕಗಳನ್ನು ಒದ್ದೆ ಆರುವ ಮುನ್ನವೇ ಸಂಸ್ಕರಿಸಬೇಕಿತ್ತು. ಹೀಗಾಗಿ ಬಲೂನಿನ ತೊಟ್ಟಿಲೇ ಅವನ ಕತ್ತಲೆಕೋಣೆ! ಬಲೂನಿನಿಂದ ಸೋರಿದ ಅನಿಲ ಎಷ್ಟೋ ಫಲಕಗಳನ್ನು ಕೆಡಿಸಿತು. ಅವನ ಆ ಮೊದಲ ಚಿತ್ರ ಉಳಿದಿಲ್ಲ. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ತೆಗೆದ ಅಮೆರಿಕದ ಬಾಸ್ಟನ್ ನಗರದ ನೋಟವೇ ಇಂದಿಗೆ ಉಳಿದಿರುವ ಅತ್ಯಂತ ಹಳೆಯ ವೈಮಾನಿಕ ಚಿತ್ರ. ಜರ್ಮನಿಯ ಔಷಧ ವ್ಯಾಪಾರಿ ನಾಯ್‌ಬ್ರೋನರ್ ಪಾರಿವಾಳಗಳ ಎದೆಗೇ ಪುಟ್ಟ ಕ್ಯಾಮೆರಾ ಕಟ್ಟಿದ.

ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಕಂದಕ ಹುಡುಕಿದ ವಿಮಾನ ಕ್ಯಾಮೆರಾ, ಯುದ್ಧ ಮುಗಿದ ಮೇಲೆ ಮೋಜಣಿದಾರರ ಕೈಗೆ ಬಂತು. 1924ರಲ್ಲಿ ಬರ್ಮಾದ ಐರಾವತಿ ಮುಖಜ ಭೂಮಿಯ ಕಾಡುಗಳನ್ನು ವಿಮಾನದಿಂದ ಅಳೆಯಲಾಯಿತು.

ಚಿತ್ರ ನಕ್ಷೆಯಾಗುವ ಬಗೆ

ಲೆಕ್ಕ ಸರಳ. ಕ್ಯಾಮೆರಾದ ನಾಭಿದೂರ 15 ಸೆಂ.ಮೀ., ವಿಮಾನದ ಎತ್ತರ 3,000 ಮೀಟರ್ ಎಂದಿರಲಿ. ಆಗ ಚಿತ್ರದ 1 ಸೆಂ.ಮೀ. ನೆಲದ ಮೇಲೆ 200 ಮೀಟರ್. ವಿಮಾನ ನೇರ ಸಾಲಿನಲ್ಲಿ ಹಾರುತ್ತಾ, ಪ್ರತಿ ಚಿತ್ರ ಹಿಂದಿನದರ ಸುಮಾರು ಶೇ. 60ರಷ್ಟು ಭಾಗವನ್ನು ಮತ್ತೆ ಒಳಗೊಳ್ಳುವಂತೆ ಕ್ಲಿಕ್ಕಿಸುತ್ತದೆ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದರಂತೆ ನೋಡಿದರೆ ಬೆಟ್ಟ ಮೇಲೇಳುತ್ತದೆ, ಕಣಿವೆ ಕೆಳಗಿಳಿಯುತ್ತದೆ.

ಪೀಣ್ಯದ ಕಣ್ಣು

ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಯುವ ಎಂಜಿನಿಯರುಗಳು ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ 'ಆರ್ಯಭಟ' 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಗಗನಕ್ಕೇರಿತು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ತಂಡ ಎದೆಗುಂದಲಿಲ್ಲ.

1979ರ ಜೂನ್ 7ರಂದು ಹಾರಿದ 'ಭಾಸ್ಕರ-1'ರಲ್ಲಿ ನೆಲ ನೋಡುವ ಎರಡು ಟಿ.ವಿ. ಕ್ಯಾಮೆರಾಗಳಿದ್ದವು. ಅಲ್ಲಿಯೂ ಕ್ಯಾಮೆರಾ ತೊಂದರೆ ಕಾಡಿತು. 1981ರ ನವೆಂಬರ್ 20ರಂದು ಏರಿದ 'ಭಾಸ್ಕರ-2'ರಲ್ಲೂ ಒಂದು ಕ್ಯಾಮೆರಾ ಕೆಟ್ಟಿತು. ಆದರೂ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಅವುಗಳಲ್ಲಿ ಒಂದು ಚುಕ್ಕೆಯೆಂದರೆ ನೆಲದ ಸುಮಾರು ಒಂದು ಕಿಲೋಮೀಟರ್. 1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹದ ಒಂದು ಕ್ಯಾಮೆರಾ ಇದನ್ನು ಸುಮಾರು 36 ಮೀಟರಿಗೆ ಇಳಿಸಿತು. ಬೆಳೆ, ಕಾಡು, ಕೆರೆಗಳ ಲೆಕ್ಕ ಹಿಡಿಯಲು ಅದು ನೆರವಾಯಿತು.

ಉಪಗ್ರಹ ಕಟ್ಟುವ ಕೆಲಸ ಪೀಣ್ಯದಿಂದ ಬೇರೆಡೆ ಹೋಗಿ ಬಹುಕಾಲವಾಯಿತು. ಆದರೆ ಉಪಗ್ರಹಗಳ ಜಾಡು ಹಿಡಿದು ಆದೇಶ ಕಳಿಸುವ ಇಸ್ರೋದ 'ಇಸ್ಟ್ರ್ಯಾಕ್' ಕೇಂದ್ರ ಇಂದೂ ಅಲ್ಲಿಯೇ ಇದೆ. ಮೊದಲ ಪ್ರಯತ್ನದಲ್ಲೇ ಎಲ್ಲವೂ ಸರಿಹೋಗಬೇಕೆಂದು ಹಟ ಹಿಡಿದಿದ್ದರೆ, ನಾದಾರನೂ ಕೆಳಗಿಳಿಯುತ್ತಿದ್ದ, ಪೀಣ್ಯದ ಶೆಡ್‌ಗೂ ಅಂದೇ ಬೀಗ ಬೀಳುತ್ತಿತ್ತು.