ಕ್ಯಾಮೆರಾ ಲೂಸಿಡಾದಲ್ಲಿ ಚಿತ್ರ ಎಷ್ಟು ದೊಡ್ಡದಾಗಿ ಬರುತ್ತದೆ?

ಚಿತ್ರ ಬರೆಯಲು ನೆರವಾಗುವ ಕ್ಯಾಮೆರಾ ಲೂಸಿಡಾದ ಗಾಜನ್ನು ಎಷ್ಟು ಪರೀಕ್ಷಿಸಿದರೂ ಅದರಲ್ಲಿ ಎಷ್ಟು ದೊಡ್ಡ ಚಿತ್ರ ಬರುತ್ತದೆಂದು ತಿಳಿಯದು. ಗಾಜನ್ನು ಹಿಡಿದು ನಿಲ್ಲಿಸುವ ಕಂಬಿಯ ಎತ್ತರ ನೋಡಬೇಕು.

ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ 1806ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಪಲ್ಲಾಡಿಯಂ, ರೋಡಿಯಂ ಲೋಹಗಳನ್ನು ಕಂಡುಹಿಡಿದವನೂ ಅವನೇ. ಮೇಜಿಗೆ ಬಿಗಿಯುವ ಕಂಬಿ, ಅದರ ತುದಿಯಲ್ಲಿ ನಾಲ್ಕು ಮಗ್ಗುಲಿನ ಪುಟ್ಟ ಪಟ್ಟಕ: ಸಾಧನವೆಂದರೆ ಇಷ್ಟೇ. ಎದುರಿನ ದೃಶ್ಯದ ಬೆಳಕು ಪಟ್ಟಕದೊಳಗೆ ಎರಡು ಸಲ ಪ್ರತಿಫಲಿಸಿ ಕಣ್ಣಿಗೆ ಬರುವುದರಿಂದ ಬಿಂಬ ತಲೆಕೆಳಗಾಗದು, ಎಡಬಲವೂ ಅದಲುಬದಲಾಗದು. ಪಟ್ಟಕದ ಅಂಚಿಗೆ ಕಣ್ಣಿಟ್ಟರೆ ಪಾಪೆಯ ಒಂದು ಭಾಗಕ್ಕೆ ದೃಶ್ಯ, ಇನ್ನೊಂದಕ್ಕೆ ಕಾಗದ ಮತ್ತು ಪೆನ್ಸಿಲ್. ಕಾಗದದ ಮೇಲೆ ನಿಜಕ್ಕೂ ಏನೂ ಮೂಡಿರುವುದಿಲ್ಲ. ಎರಡೂ ಕೂಡುವುದು ಕಣ್ಣೊಳಗೆ.

ಪಟ್ಟಕದಿಂದ ಕಾಗದಕ್ಕಿರುವ ದೂರವನ್ನು ಪಟ್ಟಕದಿಂದ ವಸ್ತುವಿಗಿರುವ ದೂರದಿಂದ ಭಾಗಿಸಿ. ವಸ್ತುವಿನ ಎಷ್ಟನೇ ಪಾಲು ಚಿತ್ರವಾಗುತ್ತದೆಂದು ಅದೇ ಹೇಳುತ್ತದೆ. ಕಾಗದ 30 ಸೆಂ.ಮೀ. ಕೆಳಗೆ, ಕುಳಿತವರು 150 ಸೆಂ.ಮೀ. ದೂರದಲ್ಲಿದ್ದರೆ ಐದನೇ ಒಂದು ಪಾಲು, 20 ಸೆಂ.ಮೀ. ಉದ್ದದ ಮುಖ 4 ಸೆಂ.ಮೀ. ಆಗುತ್ತದೆ. ಕಂಬಿಯನ್ನು 60 ಸೆಂ.ಮೀ.ಗೆ ಏರಿಸಿದರೆ 8 ಸೆಂ.ಮೀ. ಅದಕ್ಕಿಂತ ಮೇಲೇರಿಸಿದರೆ ಕೈ ಕಾಗದ ಮುಟ್ಟದು, ಕಂಬಿಯೂ ಅಲುಗಾಡುತ್ತದೆ. ಕುಳಿತವರನ್ನೇ ಹತ್ತಿರ ಕರೆದರೂ ಮುಖ ದೊಡ್ಡದಾಗುತ್ತದೆ, ಆದರೆ ತೀರಾ ಹತ್ತಿರವಾದರೆ ಮೂಗು ಮಾತ್ರ ಉಬ್ಬಿ ಕಿವಿಗಳು ಹಿಂದೆ ಸರಿಯುತ್ತವೆ. ಭಾವಚಿತ್ರಕ್ಕೆ ಅದು ಸಲ್ಲದು. ದೂರದ ಬೆಟ್ಟಕ್ಕಾದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಪ್ರಯೋಜನವಿಲ್ಲ. ಕಣ್ಣಿಗೆ 10 ಡಿಗ್ರಿ ಎತ್ತರ ಕಾಣುವ ಬೆಟ್ಟ 30 ಸೆಂ.ಮೀ. ಕೆಳಗಿನ ಕಾಗದದಲ್ಲಿ ಸುಮಾರು 5 ಸೆಂ.ಮೀ. ಮಾತ್ರ.

ಜೊತೆಗೆ ಬರುವ ಮಸೂರಗಳು ಚಿತ್ರವನ್ನು ಹಿಗ್ಗಿಸುತ್ತವೆಂದು ಅನಿಸುವುದು ಸಹಜ. ಅವುಗಳ ಕೆಲಸ ಬೇರೆ. ಕಣ್ಣು ದೂರದ ಮುಖವನ್ನೂ ಹತ್ತಿರದ ಪೆನ್ಸಿಲ್ಲನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣಲಾರದು. ಸಾಲದ್ದಕ್ಕೆ, ತಲೆ ಕೊಂಚ ಅಲುಗಿದರೂ ಬಿಂಬ ಕಾಗದದ ಮೇಲೆ ಜಾರುತ್ತದೆ. ಪಟ್ಟಕದ ಮುಂದೆ ತಕ್ಕ ನಿಮ್ನ ಮಸೂರವಿಟ್ಟರೆ ದೃಶ್ಯ ಕಾಗದದಷ್ಟೇ ದೂರದಲ್ಲಿರುವಂತೆ ಕಂಡು ಜಾರಾಟ ನಿಲ್ಲುತ್ತದೆ. ಮಸೂರ ಕಣ್ಣಿಗೆ ಅಷ್ಟು ಸಮೀಪವಿರುವುದರಿಂದ ಗಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಕೊಳ್ಳುವವರು ಇವುಗಳನ್ನು ಬೇಡವೆನ್ನಬಾರದು.

ಸೂಕ್ಷ್ಮದರ್ಶಕಕ್ಕೆ ಇದನ್ನು ಜೋಡಿಸಿ ಬರೆಯುವ ಜೀವವಿಜ್ಞಾನಿಗಳು ಗಾತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಜೀವಕೋಶದ ಚಿತ್ರ ಮುಗಿದ ಮೇಲೆ ಯಾವುದನ್ನೂ ಕದಲಿಸದೆ, ಗೆರೆ ಕೊರೆದ ಅಳತೆಗಾಜನ್ನು ಅದೇ ಜಾಗದಲ್ಲಿಟ್ಟು ಅದರ ಗೆರೆಗಳನ್ನೂ ಪಕ್ಕದಲ್ಲೇ ಬರೆದುಕೊಳ್ಳುತ್ತಾರೆ. ಕಾಗದ ಎಷ್ಟು ದೂರದಲ್ಲಿತ್ತೆಂದು ಆಮೇಲೆ ಯಾರೂ ಹೇಳಬೇಕಾಗಿಲ್ಲ. ಆ ಗೆರೆಗಳಿಂದಲೇ ಕೋಶದ ನಿಜವಾದ ಗಾತ್ರ ಅಳೆಯಬಹುದು.