ಕೀಲುನೋವು: ಮದ್ದಿಗಿಂತ ಮೊದಲು ಕಾರಣ

ಮಾರ್ಗಶಿರ ಕಾಲಿಟ್ಟಿತೆಂದರೆ ಉದಕಮಂಡಲದ ತಗ್ಗುಗಳಲ್ಲಿ ಬೆಳಗಿನ ಜಾವ ಹಿಮ ಬಿದ್ದು ಹುಲ್ಲು ಬೆಳ್ಳಗಾಗುತ್ತದೆ. ಆ ಹೊತ್ತಿಗೆ ಕ್ಯಾರೆಟ್ ಕೀಳಲು, ಚಹದ ಎಲೆ ಬಿಡಿಸಲು ಹೊರಡಬೇಕಾದ ಎಷ್ಟೋ ಮಂದಿಗೆ ಮೊಣಕಾಲು ಮಡಿಸಲಾಗದು, ಬೆರಳು ಮುಷ್ಟಿ ಕಟ್ಟಲಾಗದು. "ಚಳಿಗೆ ವಾಯು ಹಿಡಿದಿದೆ" ಎಂದು ಮನೆಯ ಹಿರಿಯರು ನೀಲಗಿರಿ ಎಣ್ಣೆ ತಿಕ್ಕುತ್ತಾರೆ. ಹೊತ್ತೇರಿ ಮೈ ಬಿಸಿಯಾದ ಮೇಲೆ ನೋವು ತಗ್ಗುತ್ತದೆ, ಕೆಲಸ ಸಾಗುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ.

ಎಣ್ಣೆ ತಿಕ್ಕುವುದು ತಪ್ಪಲ್ಲ. ನೀಲಗಿರಿ ಎಣ್ಣೆಯಾಗಲಿ, ವಿಂಟರ್‌ಗ್ರೀನ್ ಎಣ್ಣೆಯಾಗಲಿ ಚರ್ಮಕ್ಕೆ ಬಿಸಿ ಕೊಟ್ಟು ನೋವನ್ನು ಮರೆಸುತ್ತವೆ. ಗಾಯವಿರುವಲ್ಲಿ ಹಚ್ಚಕೂಡದು. ಎರಡೂ ಹೊಟ್ಟೆಗೆ ವಿಷ; ಸೀಸೆ ಮಕ್ಕಳ ಕೈಗೆ ಸಿಗದಂತಿರಲಿ. ಆದರೆ ಇವು ರೋಗದ ಮೂಲವನ್ನು ಮುಟ್ಟುವುದಿಲ್ಲ. ಚಳಿಗೆ ಕೀಲು ಬಿಗಿಯುತ್ತದೆ, ನೋವು ಹೆಚ್ಚೆನಿಸುತ್ತದೆ; ಮೂಲ ಬೇರೆಯೇ ಇರುತ್ತದೆ.

ನಮ್ಮ ಬೇಸಾಯದಿಂದಲೇ ಒಂದು ಉದಾಹರಣೆ ಕೊಡಬಹುದು. 1961ರಲ್ಲಿ ಉದಕಮಂಡಲದ ಆಲೂಗೆಡ್ಡೆ ಹೊಲದಲ್ಲಿ ಬೇರಿನ ಜಂತುಹುಳು ಪತ್ತೆಯಾಯಿತು. ಆ ಹುಳು ಹತ್ತಿದ ಗಿಡ ಹಳದಿಯಾಗಿ ಗಿಡ್ಡಾಗುತ್ತದೆ. ಮೇಲಿನಿಂದ ನೋಡಿದರೆ ನೀರು ಗೊಬ್ಬರ ಸಾಲದ ಗಿಡದಂತೆಯೇ ಕಾಣುತ್ತದೆ. ಕಿತ್ತು ಬೇರು ನೋಡಿದರೆ ಮಾತ್ರ ಸಾಸಿವೆಗಿಂತ ಸಣ್ಣ ದುಂಡು ಕೋಶಗಳು ಅಂಟಿರುವುದು ತಿಳಿಯುತ್ತದೆ. ಅಂಥ ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದರೇನು? ಕೀಲುನೋವೂ ಹಾಗೆಯೇ. ಅದು ರೋಗದ ಹೆಸರಲ್ಲ, ರೋಗದ ಗುರುತು ಮಾತ್ರ.

ನೋವಿನ ಬಗೆಗಳು

ಮೊದಲನೆಯದು ಸವೆತ. ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಹೊದಿಕೆ ಸವೆದು ಬರುವ ನೋವಿದು. ಸಾಮಾನ್ಯವಾಗಿ ಐವತ್ತು ದಾಟಿದವರ ಮಂಡಿ, ಸೊಂಟದ ಕೀಲುಗಳಿಗೆ ಬರುತ್ತದೆ. ಇಳಿಜಾರು ಹತ್ತಿ ಇಳಿದರೆ ಹೆಚ್ಚುತ್ತದೆ, ಕುಳಿತರೆ ತಗ್ಗುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಎರಡನೆಯದು ರುಮಟಾಯ್ಡ್ ಸಂಧಿವಾತ. ಇಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮೂವತ್ತರ ಪ್ರಾಯದಲ್ಲಿಯೂ ಬರಬಹುದು. ಎರಡೂ ಕೈಗಳ ಬೆರಳ ಗೆಣ್ಣು, ಮಣಿಕಟ್ಟು ಒಟ್ಟಿಗೆ ಬಾತುಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ನಿಲ್ಲುತ್ತದೆ. ಕೆಲಸ ಮಾಡಿದರೆ ಸಡಿಲ, ವಿಶ್ರಾಂತಿಯಲ್ಲಿ ಬಿಗಿತ. ಇದನ್ನು ಆರಂಭದ ತಿಂಗಳುಗಳಲ್ಲೇ ಹಿಡಿದರೆ ಕೈ ಉಳಿಯುತ್ತದೆ. ತಡಮಾಡಿದರೆ ಬೆರಳು ಸೊಟ್ಟಗಾಗುತ್ತದೆ. ಹಾಗೆ ಕೆಟ್ಟ ಕೀಲನ್ನು ಯಾವ ಮಾತ್ರೆಯೂ ಮೊದಲಿನಂತೆ ಮಾಡದು. ಎಲೆ ಬಿಡಿಸುವವಳಿಗೆ ಕೈ ಹೋದರೆ ಕೂಲಿಯೇ ಹೋದಂತೆ.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕೀಲಿನಲ್ಲಿ ಹರಳುಗಟ್ಟುತ್ತದೆ. ರಾತ್ರಿ ಇದ್ದಕ್ಕಿದ್ದಂತೆ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಸಹಿಸಲಾಗದಂತೆ ಉರಿಯುತ್ತದೆ. ಮದ್ಯಪಾನ ಇದನ್ನು ಕೆರಳಿಸುತ್ತದೆ.

ನಾಲ್ಕನೆಯದು ಜ್ವರದ ಬೆನ್ನಿಗೆ ಬರುವ ನೋವು. ಚಿಕುನ್‌ಗುನ್ಯಾ ಬಿಟ್ಟರೂ ಕೆಲವರಿಗೆ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ಐದನೆಯದು ಈ ಬೆಟ್ಟದ ಸೀಮೆಯವರು ಮುಖ್ಯವಾಗಿ ತಿಳಿಯಬೇಕಾದದ್ದು: ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್. ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ ಕೀಲುಗಳಲ್ಲಿ ತೀವ್ರ ನೋವು ಕೊಡುತ್ತವೆ. ಭಾರತದಲ್ಲಿ ಈ ದೋಷ ಮೊದಲು ವರದಿಯಾದದ್ದೇ 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಚಿಕ್ಕಂದಿನಿಂದ ಬಿಟ್ಟುಬಿಟ್ಟು ಬರುವ ಮೈಕೈ ನೋವು, ರಕ್ತಹೀನತೆ, ಹಳದಿ ಕಣ್ಣು ಇದರ ಗುರುತುಗಳು. ಚಳಿ, ಬಾಯಾರಿಕೆ, ಜ್ವರ, ಅತಿ ದುಡಿಮೆಯಿಂದ ನೋವು ಕೆರಳುತ್ತದೆ. ತಂದೆ ತಾಯಿ ಇಬ್ಬರಲ್ಲಿಯೂ ದೋಷದ ಅಂಶವಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಹೈಡ್ರಾಕ್ಸಿಯೂರಿಯ ಎಂಬ ಔಷಧಿಯಿಂದ ನೋವಿನ ಸರದಿಗಳು ಕಡಿಮೆಯಾಗುತ್ತವೆ. ಇದರ ನಿರ್ಮೂಲನಕ್ಕಾಗಿ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದೆ. ಇಂಥ ನೋವುಳ್ಳ ಆಳನ್ನು ಮೈಗಳ್ಳನೆಂದು ಜರೆಯುವುದು ಅನ್ಯಾಯ.

ಕಾರಣ ಹುಡುಕುವುದು ಎಷ್ಟು ಮುಖ್ಯವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆ ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವಿನಲ್ಲಿ ಬಡ ಕೂಲಿಗಾರ ಕುಟುಂಬಗಳು ಸೊಂಟ ಮಂಡಿಗಳ ನೋವಿನಿಂದ ನಡೆಯಲಾರದಂತಾದವು. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ಮೀನು ತಿಂದದ್ದರ ಮೇಲೆ ಮೊದಲು ಸಂಶಯ ಹೋಯಿತು. ಮುಂದೆ ವಿಚಾರಿಸಿದಾಗ ಅದು ವಂಶದಲ್ಲಿ ಇಳಿದು ಬರುವ ಮೂಳೆಯ ದೋಷವೆಂದು ಕಂಡುಬಂತು. ಊರಿನವರ ಮಟ್ಟಿಗೆ ಎಲ್ಲವೂ 'ಕೀಲುನೋವೇ'; ಒಳಗಿನ ಕಾರಣ ಮಾತ್ರ ಬೇರೆ.

ಯಾರ ಬಳಿ ಹೋಗಬೇಕು?

ನೋವು ಆರು ವಾರ ಮೀರಿದರೆ, ಅಥವಾ ಕೀಲು ಬಾತಿದ್ದರೆ ತಡಮಾಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅಲ್ಲಿಂದ ಚೀಟಿ ಪಡೆದು ದೊಡ್ಡ ಆಸ್ಪತ್ರೆಗೆ ಹೋಗುವುದು ಲೇಸು. ಗೂಡಲೂರಿನಲ್ಲಿ ಸರ್ಕಾರಿ ಆಸ್ಪತ್ರೆಯಿದೆ. 1990ರಲ್ಲಿ ಆರಂಭವಾದ 'ಅಶ್ವಿನಿ' ಸಂಸ್ಥೆ ನಡೆಸುವ ಆದಿವಾಸಿ ಆಸ್ಪತ್ರೆಯೂ ಇದೆ. ಉದಕಮಂಡಲದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದ್ದು, ಅದರ 700 ಹಾಸಿಗೆಗಳ ಹೊಸ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ತೆರೆಯಿತು. ಮಸಿನಗುಡಿಯವರು ಕಲ್ಲಟ್ಟಿಯ 36 ತಿರುವು ಹತ್ತಿದರೆ ಉದಕಮಂಡಲ, ತೆಪ್ಪಕಾಡಿನ ಮೇಲೆ ಹೋದರೆ ಗೂಡಲೂರು. ಮೈಸೂರಿಗೆ ಹೋಗುವವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದನ್ನು ನೆನಪಿಡಬೇಕು, ಆಂಬುಲೆನ್ಸಿಗೆ ತಡೆಯಿಲ್ಲ. ತಮಿಳುನಾಡಿನ ಮುಖ್ಯಮಂತ್ರಿ ಆರೋಗ್ಯ ವಿಮೆಯ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ಹೊರಡುವ ಮುನ್ನವೇ ವಿಚಾರಿಸಿರಿ. ಮನೆ ಬಿಟ್ಟು ಹೋಗಲಾರದವರಿಗೆ, 2021ರಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮನೆಗೇ ಬಂದು ಅಂಗಸಾಧನೆ ಮಾಡಿಸುವ ಏರ್ಪಾಡಿದೆ. ಗ್ರಾಮದ ಆರೋಗ್ಯ ದಾದಿಯನ್ನು ಕೇಳಿರಿ.

ಮಂಡಿ ಸವೆತಕ್ಕೆ ಮೂಳೆ ತಜ್ಞರು ಸರಿ. ಆದರೆ ಹಲವು ಕೀಲು ಒಟ್ಟಿಗೆ ಬಾತಿದ್ದರೆ ಸಾಮಾನ್ಯ ರೋಗಗಳ ತಜ್ಞರನ್ನೋ, ಸಂಧಿವಾತ ತಜ್ಞರನ್ನೋ ಕಾಣಬೇಕು. ಈ ಒಂದು ಭೇದ ತಿಳಿಯದೆ ಎಷ್ಟೋ ಮಂದಿ ವರ್ಷಗಟ್ಟಲೆ ಅಲೆಯುತ್ತಾರೆ.

ಒಳ್ಳೆಯ ವೈದ್ಯರು ನೋವು ಯಾವಾಗ ಶುರುವಾಯಿತು, ಬೆಳಿಗ್ಗೆ ಎಷ್ಟು ಹೊತ್ತು ಬಿಗಿತವೆಂದು ಕೇಳುತ್ತಾರೆ. ಕೀಲುಗಳನ್ನು ಮುಟ್ಟಿ ಒತ್ತಿ ನೋಡುತ್ತಾರೆ. ರೋಗದ ಹೆಸರನ್ನೂ ಔಷಧಿಯ ಕೆಡುಕನ್ನೂ ಹೇಳುತ್ತಾರೆ. ಮತ್ತೆ ಬರಲು ದಿನ ಕೊಡುತ್ತಾರೆ. ಒಂದು ತಿಂಗಳಲ್ಲಿ ಬೇರುಸಹಿತ ಕೀಳುತ್ತೇನೆನ್ನುವವರು, ಹೆಸರಿಲ್ಲದ ಪುಡಿ ಕೊಡುವವರು, ಮಿಕ್ಕ ಮದ್ದನ್ನೆಲ್ಲ ಬಿಡಿ ಎನ್ನುವವರು ಯಾವ ಪದ್ಧತಿಯವರೇ ಆಗಲಿ, ಅವರಿಂದ ದೂರವಿರುವುದು ಕ್ಷೇಮ. ರಕ್ತದ ಒಂದು ಪರೀಕ್ಷೆಯನ್ನೇ ನಂಬಲೂ ಬಾರದು. ಆರ್.ಎ. ಫ್ಯಾಕ್ಟರ್ ರೋಗವಿಲ್ಲದವರಲ್ಲಿ ಕಾಣಬಹುದು, ರೋಗಿಯಲ್ಲಿ ಕಾಣದೆಯೂ ಇರಬಹುದು.

ಹೋಗುವಾಗ ಹಳೆಯ ಚೀಟಿ, ಎಕ್ಸ್‌ರೇ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಎಲ್ಲವನ್ನೂ ಒಯ್ಯಿರಿ. ತಮಿಳು ಬಾರದ ಹಿರಿಯರು ನಾಲ್ಕು ಮಾತು ಕಲಿತಿರಲಿ: ಕೀಲುನೋವಿಗೆ ಮೂಟ್ಟುವಲಿ, ಬಾವಿಗೆ ವೀಕ್ಕಂ, ಬಿಗಿತಕ್ಕೆ ವಿರೈಪ್ಪು, ಜ್ವರಕ್ಕೆ ಕಾಯ್ಚಲ್. 'ಕಾಲೈ' ಎಂದರೆ ಅವರಿಗೆ ಬೆಳಗ್ಗೆ, 'ಕಾಲ್' ಎಂದರೆ ಕಾಲು. ಬೆರಳಿಂದ ತೋರಿಸಿ ಹೇಳುವುದು ಮೇಲು.

ಔಷಧಿಯ ಎಚ್ಚರ

ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿ ಎರಡೇ ದಿನದಲ್ಲಿ ನೋವು ಕಳೆದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಶಯವುಂಟು. ಬಹುಕಾಲ ತಿಂದರೆ ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗುತ್ತದೆ. ಹಾಗೆಂದು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ವೈದ್ಯರಿಗೆ ತಿಳಿಸಿ ಮೆಲ್ಲಗೆ ಬಿಡಬೇಕು.

ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ನುಂಗತಕ್ಕದ್ದು. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಸೋಮವಾರವೋ ಭಾನುವಾರವೋ ಒಂದು ದಿನ ಗೊತ್ತುಮಾಡಿ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿರಿ. ಗರ್ಭಿಣಿಯರಿಗೆ ಇದು ಸಲ್ಲದು. ಗುಣ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ನಡುವೆ ಬಿಡಬಾರದು, ರಕ್ತಪರೀಕ್ಷೆ ತಪ್ಪಿಸಬಾರದು.

ದುಡಿಮೆಯಲ್ಲಿ ಅನುಕೂಲ

ದೇಹದ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಯ ಭಾರ ಮೂರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಒಂದು ದೊಡ್ಡ ಹೊರೆಯ ಬದಲು ಎರಡು ಸಣ್ಣ ಹೊರೆ ಮಾಡಿರಿ. ಕುಕ್ಕರಗಾಲಲ್ಲಿ ಕಳೆ ಕೀಳುವುದಕ್ಕಿಂತ ಮಣೆಯ ಮೇಲೆ ಕುಳಿತು, ಇಲ್ಲವೆ ಉದ್ದ ಹಿಡಿಯ ಸಲಕರಣೆಯಿಂದ ನಿಂತು ಕೆಲಸ ಮಾಡಿರಿ. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿರಲಿ. ಬೆಂಚಿನ ಮೇಲೆ ಕುಳಿತು ಕಾಲನ್ನು ನೀಟಾಗಿ ಚಾಚಿ ಹತ್ತು ಎಣಿಸುವವರೆಗೆ ಹಿಡಿದು ಇಳಿಸಿರಿ. ಹೀಗೆ ಹತ್ತು ಸಲ, ದಿನಕ್ಕೆರಡು ಹೊತ್ತು. ತೊಡೆಯ ಸ್ನಾಯು ಬಲವಾದರೆ ಮಂಡಿಗೆ ಆಸರೆ. ನೋವೆಂದು ಮೂಲೆ ಹಿಡಿದು ಕುಳಿತರೆ ಕೀಲು ಇನ್ನಷ್ಟು ಬಿಗಿಯುತ್ತದೆ.

ಅದೇ ದಿನ ಹೊರಡಬೇಕಾದ ಸಂದರ್ಭಗಳು

ಒಂದೇ ಕೀಲು ಕೆಂಪಾಗಿ ಸುಡುತ್ತಿದ್ದು ಜ್ವರವೂ ಇದ್ದರೆ ಒಳಗೆ ಕೀವು ಕಟ್ಟಿರಬಹುದು. ಮಕ್ಕಳಿಗೆ ಗಂಟಲುನೋವಾಗಿ ಕೆಲವು ವಾರದ ಮೇಲೆ ಜ್ವರದೊಡನೆ ಕೀಲಿಂದ ಕೀಲಿಗೆ ಹಾರುವ ನೋವು ಬಂದರೆ ಹೃದಯಕ್ಕೆ ಅಪಾಯವುಂಟು. ಕುಡುಗೋಲು ಕಣ ರೋಗವುಳ್ಳವರಿಗೆ ಎದೆನೋವು, ಏದುಸಿರು, ಜ್ವರ ಬಂದರೆ ಕಾಯಕೂಡದು. ಇಂಥ ಹೊತ್ತಿನಲ್ಲಿ 108ಕ್ಕೆ ಕರೆಮಾಡಿರಿ.

ಕೀಲುನೋವು ಬಂದವರೆಲ್ಲ ಪೂರ್ಣ ಗುಣವಾಗುತ್ತಾರೆಂದು ಹೇಳುವುದು ಸುಳ್ಳಾದೀತು. ಸವೆದದ್ದು ಮರಳಿ ಬೆಳೆಯದು. ಆದರೆ ಕಾರಣ ತಿಳಿದವರು ಮುಂದಿನ ಕೆಡುಕನ್ನು ತಡೆಯಬಹುದು, ಕೈಕಾಲು ಉಳಿಸಿಕೊಂಡು ದುಡಿಯಬಹುದು. ಈ ಚಳಿಯಲ್ಲಿ ಮನೆಯವರಾರಾದರೂ ಬೆಳಗ್ಗೆ ಎದ್ದು ಮುಷ್ಟಿ ಕಟ್ಟಲಾರದೆ ಕುಳಿತಿದ್ದರೆ ಎಣ್ಣೆ ತಿಕ್ಕುವಾಗಲೇ ಗಡಿಯಾರ ನೋಡಿರಿ. ಬಿಗಿತ ಒಂದು ಗಂಟೆ ಮೀರಿತೋ, ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಡಿರಿ.