ಊರೇ ಮೊದಲ ಪಾಠ

ಏಳೆಂಟು ವರ್ಷದ ಮಗುವೊಂದನ್ನು ಕರೆದು, 'ಹಿಮಾಲಯ ಎಲ್ಲಿದೆ?' ಎಂದು ಕೇಳಿರಿ. ಗೋಡೆಯ ಮೇಲಿನ ನಕಾಶೆಯತ್ತ ಕೈಮಾಡಿ 'ಉತ್ತರಕ್ಕಿದೆ' ಎನ್ನುತ್ತದೆ. 'ಉತ್ತರ ಯಾವ ಕಡೆ?' ಎಂದು ಮತ್ತೆ ಕೇಳಿದರೆ ಮಾಳಿಗೆಯ ತೊಲೆಯತ್ತ ಬೆರಳು ತೋರಿಸುತ್ತದೆ. ನಾವು ನಗುತ್ತೇವೆ. ಆದರೆ ತಪ್ಪು ಮಗುವಿನದಲ್ಲ. ನೆಲದ ಚಿತ್ರವನ್ನು ಗೋಡೆಗೆ ತೂಗಹಾಕಿದವರು ನಾವು. ಗೋಡೆಯ ಮೇಲೆ ಉತ್ತರವು 'ಮೇಲೆ' ಆಗುತ್ತದೆ, ದಕ್ಷಿಣವು 'ಕೆಳಗೆ' ಆಗುತ್ತದೆ. ನಮ್ಮ ಮಲಪ್ರಭೆಯಂತೂ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ರೋಣ ತಾಲೂಕಿನ ಹೊಳೆಆಲೂರನ್ನು ಮುಟ್ಟಿ, ಈಶಾನ್ಯದತ್ತ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ. ಗೋಡೆಯ ನಕಾಶೆಯಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ! 'ನೀರು ಏರಿ ಹತ್ತುತ್ತದೆಯೇನ್ರೀ?' ಎಂದು ಮಗು ಕೇಳಿದರೆ ಅದನ್ನು ಗದರಿಸಿ ಕೂಡಿಸುವ ಅಧಿಕಾರ ನಮಗಿಲ್ಲ.

ಕಿರಿಯ ತರಗತಿಗಳಲ್ಲಿ ಇತಿಹಾಸ ಭೂಗೋಳಗಳು ಇಂದು 'ಪರಿಸರ ಅಧ್ಯಯನ' ಎಂಬ ಹೆಸರಿನಲ್ಲಿ ಬರುತ್ತವೆ. ಹೆಸರು ಚೆನ್ನಾಗಿಯೇ ಇದೆ. ಆದರೆ ಆ ಪರಿಸರ ಪುಸ್ತಕದ ಪರಿಸರವೊ, ಮಗುವಿನ ಪರಿಸರವೊ ಎಂಬುದೇ ಪ್ರಶ್ನೆ. ರೋಣ ತಾಲೂಕಿನ ಅಬ್ಬಿಗೇರಿಯಂಥ ಒಂದು ಊರನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿಚಾರಿಸೋಣ.

ಮೊದಲು ನಕಾಶೆಯನ್ನು ಗೋಡೆಯಿಂದ ಇಳಿಸಿ ಅಂಗಳದಲ್ಲಿ ಹಾಸಬೇಕು. ಅದರ ಉತ್ತರ ನೆಲದ ಉತ್ತರಕ್ಕೆ ಕೂಡಿಬರಬೇಕು. ದಿಕ್ಕುಗಳನ್ನು ಕಂಠಪಾಠ ಮಾಡಿಸುವ ಅಗತ್ಯವಿಲ್ಲ; ನಮ್ಮ ಭಾಷೆಯೇ ಆ ಪಾಠವನ್ನು ಸಿದ್ಧಮಾಡಿ ಇಟ್ಟಿದೆ. ಹೊತ್ತು ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಬೆಳಗಿನ ಬಿಸಿಲಿಗೆ ಮುಖಮಾಡಿ ನಿಂತ ಮಗುವಿನ ಎಡಗೈ ರೋಣದ ಕಡೆಗೆ ಚಾಚುತ್ತದೆ. ಬಲಗೈಯ ಹಿಂದೆ ದೂರದಲ್ಲಿ ಗದಗ. ಎದುರಿನ ದಿಗಂತದಾಚೆ ಗಜೇಂದ್ರಗಡದ ಬೆಟ್ಟ. ಇನ್ನು ಮಗು ತನ್ನ ಮನೆಯಿಂದ ಶಾಲೆಗೆ ಬರುವ ದಾರಿಯನ್ನು ಮಣ್ಣಿನಲ್ಲಿ ಗೆರೆಯೆಳೆದು ತೋರಿಸಲಿ: ಇಲ್ಲಿ ಗುಡಿ, ಇಲ್ಲಿ ಗಿರಣಿ, ಇಲ್ಲಿ ಬೇವಿನ ಮರ. ತನ್ನ ಓಣಿಯ ನಕಾಶೆಯನ್ನು ತಾನೇ ಬರೆದ ಮಗುವಿಗೆ ಲೋಕದ ನಕಾಶೆ ಮುಂದೆ ಎಂದೂ ಒಗಟಾಗಲಾರದು.

ಆಮೇಲೆ ಮಣ್ಣು. ಎರೆ ಭೂಮಿಯ ಮಗುವಿಗೆ ಮಣ್ಣನ್ನು ಪರಿಚಯಿಸುವುದೆಂದರೆ ಅದಕ್ಕೆ ಅವ್ವನನ್ನು ಪರಿಚಯಿಸಿದಂತೆ. ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುವ, ಬೇಸಿಗೆಯಲ್ಲಿ ಬಾಯಿಬಿಡುವ ಆ ಕರಿಯ ನೆಲವನ್ನು ಅದು ಬಲ್ಲುದು. ಬಲ್ಲುದಕ್ಕೆ ಕಾರಣ ಹುಡುಕುವುದನ್ನು ನಾವು ಕಲಿಸಬೇಕು. ತಳಕ್ಕೆ ತೂತಿರುವ ಎರಡು ಡಬ್ಬಿಗಳಲ್ಲಿ ಎರೆಮಣ್ಣನ್ನೂ ಮಸಾರಿ ಮಣ್ಣನ್ನೂ ತುಂಬಿ ಸಮನಾಗಿ ನೀರು ಹೊಯ್ಯಲಿ. ಮಸಾರಿ ಬೇಗ ನೀರು ಬಿಟ್ಟುಕೊಡುತ್ತದೆ, ಎರೆ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಹಿಂಗಾರಿ ಜೋಳ, ಕಡಲೆಗಳು ಹೇಗೆ ಬೆಳೆಯುತ್ತವೆಂಬುದಕ್ಕೆ ಉತ್ತರ ಆ ಡಬ್ಬಿಯಲ್ಲಿದೆ. ಗದಗ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ ಸುಮಾರು 600 ಮಿಲಿಮೀಟರ್ ಮಾತ್ರ. ಕಣಕುಂಬಿಯಲ್ಲಿ ಸುರಿಯುವ ಮಳೆ ಅದರ ಅನೇಕ ಪಟ್ಟು. ಅರಬ್ಬೀ ಸಮುದ್ರದಿಂದ ಬಂದ ಮೋಡ ಸಹ್ಯಾದ್ರಿಯ ಮೇಲೆ ತನ್ನ ಹೊರೆಯನ್ನು ಇಳಿಸಿ, ಹಗುರಾಗಿ ನಮ್ಮತ್ತ ಬರುತ್ತದೆ. ಹೀಗೆ ಒಂದು ರೊಟ್ಟಿಯ ನೆವದಿಂದ ಮಗು ಸಮುದ್ರದವರೆಗೆ ಹೋಗಿಬಂದಂತಾಯಿತು.

ಇತಿಹಾಸ ಇದಕ್ಕಿಂತ ಕಠಿಣ. ನೆಲ ಕಣ್ಣಿಗೆ ಕಾಣುತ್ತದೆ, ಕಾಲ ಕಾಣುವುದಿಲ್ಲ. ಮಗುವಿನ ಲೆಕ್ಕದಲ್ಲಿ ಅಜ್ಜ ಹುಟ್ಟಿದ ಕಾಲವೂ ರಾಮಾಯಣದ ಕಾಲವೂ 'ಬಹಳ ಹಿಂದೆ'ಯೇ. ಇದಕ್ಕೆ ಒಂದು ಹಗ್ಗ ಸಾಕು. ಗೇಣಿಗೊಂದು ಗಂಟು ಹಾಕಿ, ಒಂದು ಗೇಣಿಗೆ 25 ವರ್ಷ ಎಂದು ಹಿಡಿಯೋಣ. ಮೊದಲ ಗೇಣಿನೊಳಗೆ ಮಗು ಹುಟ್ಟಿದ ದಿನ. ಮೂರನೆಯ ಗಂಟಿನ ಆಸುಪಾಸಿನಲ್ಲಿ ಸ್ವಾತಂತ್ರ್ಯ ಬಂದ 1947. ಏಳನೆಯದಕ್ಕೆ ತುಸು ಈಚೆಗೆ, ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ 1858. ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡಗಳ ಕಾಲವಾದ ಹನ್ನೊಂದನೆಯ ಶತಮಾನವನ್ನು ಮುಟ್ಟಬೇಕಾದರೆ ಸುಮಾರು ನಲವತ್ತು ಗೇಣು, ಎಂದರೆ ಇಪ್ಪತ್ತು ಮೊಳ ಹಗ್ಗ ಬೇಕು. ಅದು ತರಗತಿಯ ಬಾಗಿಲು ದಾಟಿ ಅಂಗಳಕ್ಕೆ ಹೋಗುತ್ತದೆ. 'ಸಾವಿರ ವರ್ಷ' ಎಂದರೇನೆಂದು ಮಕ್ಕಳು ಆಗ ನಡೆದು ತಿಳಿಯುತ್ತಾರೆ. ಆ ತುದಿಯಲ್ಲಿ ನಿಂತು, ಚಾಲುಕ್ಯರ ಅಕ್ಕಾದೇವಿ ಎಂಬ ಹೆಣ್ಣುಮಗಳು ಕಿಸುಕಾಡು ನಾಡನ್ನು ಆಳಿದಳೆಂದೂ ಅವಳ ಹೆಸರು ಸೂಡಿಯ ಶಾಸನಗಳಲ್ಲಿ ಇದೆಯೆಂದೂ ಹೇಳಿದರೆ, ಮುಂದಿನ ಸಾಲಿನ ಹುಡುಗಿಯರ ಕಣ್ಣು ಅರಳದೆ ಇರುವುದೆ?

ಅದೇ ಹಗ್ಗದ ಈಚಿನ ತುದಿಯಲ್ಲಿ ಇನ್ನೊಂದು ಪಾಠವಿದೆ. 1947ರಲ್ಲಿ ಅಬ್ಬಿಗೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಗದಗ ಎಂದಾಯಿತು. ಪಕ್ಕದ ಯಲಬುರ್ಗಾ ಸೀಮೆಯಾದರೊ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿಂದ ಸೊಸೆಯಾಗಿ ಬಂದ ಮುತ್ತಜ್ಜಿಗೆ ತವರೆಂದರೆ ಬೇರೊಂದು ಸಂಸ್ಥಾನ! ಊರು ಒಂದು ಗೇಣೂ ಕದಲಲಿಲ್ಲ. ಅದರ ಸುತ್ತಲಿನ ಗೆರೆಗಳು ಕದಲಿದವು. ನದಿಯನ್ನು ಪ್ರಕೃತಿ ಎಳೆಯಿತು, ಗಡಿಯನ್ನು ಮನುಷ್ಯ ಎಳೆದ. ಇಷ್ಟನ್ನು ಅರಿತ ಮಗು ದೊಡ್ಡವನಾದ ಮೇಲೆ ಗಡಿಯ ಹೆಸರಿನಲ್ಲಿ ಕಲ್ಲೆತ್ತುವ ಮುನ್ನ ಒಂದು ಕ್ಷಣ ಯೋಚಿಸೀತು.

ಕಥೆಯಿಂದ ಇತಿಹಾಸ ಕಲಿಸಬೇಕೆಂದು ಗುಜರಾತಿನ ಗಿಜುಭಾಯಿ ಬಧೇಕಾ ತಮ್ಮ 'ದಿವಾಸ್ವಪ್ನ'ದಲ್ಲಿ ತೋರಿಸಿದರು. ನಮ್ಮ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ವನ್ನು ಕನ್ನಡದ ಮಕ್ಕಳ ಕೈಗಿತ್ತರು. ಕಥೆ ಬೇಕು, ನಿಜ. ಆದರೆ ಕಥೆಗೂ ಇತಿಹಾಸಕ್ಕೂ ನಡುವೆ ಒಂದು ಹೊಸ್ತಿಲಿದೆ. ಅದನ್ನು ತೋರಿಸಲು ಕನ್ನಡದಲ್ಲಿ ಒಂದು ಪುಟ್ಟ ಪದವಿದೆ: 'ಅಂತೆ'. 'ನಾನು ಕಂಡೆ' ಎಂಬುದು ಒಂದು, 'ಅಜ್ಜಿ ಹೇಳಿದಳು' ಎಂಬುದು ಮತ್ತೊಂದು, 'ಕಲ್ಲಿನ ಮೇಲೆ ಬರೆದಿದೆ' ಎಂಬುದು ಇನ್ನೊಂದು. 'ಹಾಗಂತೆ' ಎಂಬುದೇ ಬೇರೆ. ಈ ನಾಲ್ಕನ್ನು ಬೇರ್ಪಡಿಸಿ ಆಡಲು ಕಲಿತ ಎರಡನೆಯ ಇಯತ್ತೆಯ ಮಗು ಇತಿಹಾಸಕಾರನ ಮೊದಲ ದೀಕ್ಷೆಯನ್ನು ಪಡೆದಂತೆಯೇ ಸರಿ. ಊರಿನ ಹೆಸರನ್ನೇ ಕೇಳಬಹುದು: 'ಅಬ್ಬಿಗೇರಿ'ಯಲ್ಲಿನ 'ಗೇರಿ' ಕೇರಿಯೆ, ಕೆರೆಯೆ? ಮಕ್ಕಳು ಹಿರಿಯರನ್ನು ಕೇಳಿಬರಲಿ. ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು ಎಂಬುದನ್ನೂ ಬರೆದು ತರಲಿ.

ಹೀಗೆ ಕೇಳಿಬಂದ ಉತ್ತರಗಳೆಲ್ಲ ಸಿಹಿಯಾಗಿರಲಾರವು. ಹಿಂದೆ ಊರ ಬಾವಿಯಲ್ಲಿ ಯಾರು ಕೊಡ ಇಳಿಸುತ್ತಿದ್ದರು, ಯಾರು ದೂರ ನಿಂತು ನೀರಿಗಾಗಿ ಕಾಯುತ್ತಿದ್ದರು ಎಂದು ಒಂದು ಮಗು ತನ್ನ ಮನೆಯಿಂದಲೇ ಕೇಳಿ ತರಬಹುದು. ಆಗ ಶಿಕ್ಷಕ ಮಾತು ಮರೆಸಬಾರದು. ಆ ಮಗುವಿನ ಅಜ್ಜಿಯ ಮಾತಿಗೆ ಶಾಸನದಷ್ಟೇ ಗೌರವ ಸಲ್ಲಬೇಕು. ರಾಜರ ವಂಶಾವಳಿ ತಪ್ಪಿದರೆ ಒಂದು ಅಂಕ ಹೋದೀತು. ಈ ಮಾತು ಮುಚ್ಚಿಹೋದರೆ ಒಂದು ಮಗುವೇ ತರಗತಿಯಿಂದ ಹೊರಗುಳಿದಂತೆ.

ಒಬ್ಬರೇ ಹಲವು ತರಗತಿಗಳನ್ನು ನಿಭಾಯಿಸುವ ಹಳ್ಳಿಯ ಶಿಕ್ಷಕರಿಗೆ ಇದಕ್ಕೆಲ್ಲ ವೇಳೆ ಎಲ್ಲಿದೆ ಎಂದು ಕೇಳಬಹುದು. ಹಗ್ಗ, ಮಣ್ಣು, ಡಬ್ಬಿ, ಅಜ್ಜಿ ಇವಕ್ಕೆ ವೆಚ್ಚವಿಲ್ಲ. ಹಿರಿಯ ಮಕ್ಕಳು ಕಿರಿಯರಿಗೆ ಜೊತೆಯಾಗಬಲ್ಲರು. ಊರನ್ನೇ ಕಲಿಸುತ್ತ ಕುಳಿತರೆ ಮಕ್ಕಳು ಕೂಪಮಂಡೂಕಗಳಾಗರೆ ಎಂಬ ಶಂಕೆಯೂ ಉಂಟು. ಆದರೆ ಅಡುಗೆಮನೆಯ ಉಪ್ಪು ಗುಜರಾತಿನದು, ಚಹ ಅಸ್ಸಾಮಿನದು ಇರಬಹುದು. ದುಡಿಯಲು ಗೋವೆಗೋ ಮಂಗಳೂರಿಗೋ ಹೋದ ಅಪ್ಪ ಹಿಡಿದ ದಾರಿಯೂ ನಕಾಶೆಯಲ್ಲಿದೆ. ಊರಿನಿಂದ ಹೊರಟ ದಾರಿಗಳೆಲ್ಲ ಲೋಕಕ್ಕೇ ಹೋಗುತ್ತವೆ.

ನಾಳೆ ಈ ಮಕ್ಕಳಲ್ಲಿ ಅನೇಕರು ಆ ದಾರಿಗಳನ್ನೇ ಹಿಡಿಯುವರು. ತನ್ನ ಊರು ಎಲ್ಲಿದೆ, ತನ್ನವರು ಹೇಗೆ ಬಾಳಿದರು ಎಂಬುದನ್ನು ಬಲ್ಲ ಮಗು ಎಲ್ಲಿ ನಿಂತರೂ ದಿಕ್ಕುಗೆಡುವುದಿಲ್ಲ. ಅಷ್ಟನ್ನು ಕಟ್ಟಿಕೊಟ್ಟು ಕಳಿಸುವುದು ನಮ್ಮ ಹೊಣೆ.

(ಬಾನುಲಿ ಭಾಷಣ)